ಅದೇ ಕರಡಿ ಮತ್ತೆ ಬಂತು

ನಾವು ಮೂರು ಜನ. ಹೊಸಪೇಟೆ, ಸಂಡೂರು, ಕಂಪ್ಲಿ: ಊರು ಬೇರೆ, ಹಾಸ್ಟೆಲ್ ರೂಮ್ ಒಂದೇ. ಹೋದ ರಜೆಲಿ ಹಂಪಿ ಸುತ್ತಿ, ಕಮಲಾಪುರ ದಾಟಿ ದರೋಜಿ ಕರಡಿಧಾಮಕ್ಕೆ ಹೋಗಿದ್ವಿ. 1994ರಲ್ಲಿ ಕರಡಿಗಳಿಗಂತಲೇ ಘೋಷಣೆಯಾದ ಕಾಡು ಅದು. ಮಧ್ಯಾಹ್ನ ಬಂಡೆಗಳಿಗೆ ಬೆಲ್ಲದ ಪಾಕ ಬಳಿದಿರ್ತಾರೆ, ನೆಕ್ಕೋಕೆ ಕರಡಿ ಬರ್ತಾವೆ. ವಾಚ್ ಟವರ್ ಮೇಲೆ ನಿಂತು ನಾವು ಒಂಬತ್ತು ಎಣಿಸಿದ್ವಿ. ಪಕ್ಕದಲ್ಲಿದ್ದ ವಾಚರ್ ನಕ್ಕರು: "ಒಂಬತ್ತಲ್ಲ ತಮ್ಮಾ, ನಾಕೇ. ಅದೇ ಕರಡಿ ಬಂಡೆ ಸುತ್ತಿ ಮತ್ತ ಬಂದೈತಿ."

ಆ ಮಾತು ನಮಗೆ ಮರೆತೇ ಹೋಗಿತ್ತು, ಮಿನಿ ಪ್ರಾಜೆಕ್ಟ್ ಹಿಂದಿನ ರಾತ್ರಿವರೆಗೂ.

ಒಂದು ಬ್ಯಾಕ್ಟೀರಿಯಾದ ಡಿಎನ್ಎ ಸೀಕ್ವೆನ್ಸಿಂಗ್ ಡೇಟಾ ನಮ್ಮ ಪ್ರಾಜೆಕ್ಟು. ಒಂದು ಜಾಗದಲ್ಲಿ 31 ರೀಡ್ ಕೂತಿದ್ವು, ಅದರಲ್ಲಿ 12ರಲ್ಲಿ 'ಎ' ಬದಲು 'ಜಿ'. ಹೊಸ ಮ್ಯುಟೇಶನ್! ಸ್ಲೈಡ್ ಮಾಡಿದ್ವಿ, ಮನೆಗೂ ಫೋನ್ ಮಾಡಿ ಹೇಳಿಯಾಯ್ತು. ಆಮೇಲೆ ನೆನಪಾಯ್ತು, ಡುಪ್ಲಿಕೇಟ್ ಚೆಕ್ ಮಾಡೇ ಇಲ್ಲ.

ಸೀಕ್ವೆನ್ಸಿಂಗ್‌ಗೆ ಮೊದಲು ಪಿಸಿಆರ್‌ನಲ್ಲಿ ಡಿಎನ್ಎ ತುಣುಕುಗಳನ್ನ ಕಾಪಿ ಮಾಡ್ತಾರೆ. ಶುರುವಿನ ಸುತ್ತಲ್ಲೇ ಒಂದಕ್ಷರ ತಪ್ಪಾದ್ರೆ ಮುಂದಿನ ಕಾಪಿಗಳಲ್ಲೂ ಅದೇ ತಪ್ಪು. ನಮ್ಮ ಲ್ಯಾಬ್ ರೆಕಾರ್ಡ್ ಥರಾನೇ! ಪಿಕಾರ್ಡ್‌ನ ಮಾರ್ಕ್‌ಡುಪ್ಲಿಕೇಟ್ಸ್, ರೀಡ್ ಜೋಡಿಯ ಎರಡೂ ತುದಿ ಎಲ್ಲಿಂದ ಶುರು, ಯಾವ ದಿಕ್ಕು ಅಂತ ನೋಡುತ್ತೆ. ಎಲ್ಲಾ ಒಂದೇ ಆದ್ರೆ, ಕ್ವಾಲಿಟಿ ಚೆನ್ನಾಗಿರೋ ಒಂದನ್ನ ಉಳಿಸಿ ಮಿಕ್ಕಿದ್ದಕ್ಕೆ 1024 ಅನ್ನೋ ಗುರುತು ಹಾಕುತ್ತೆ.

ರನ್ ಮಾಡಿದ್ವಿ. ಹನ್ನೆರಡೂ ಒಂದೇ ತುಣುಕಿನ ಕಾಪಿ. ಹನ್ನೆರಡು ಸಾಕ್ಷಿ ಅಂದ್ಕೊಂಡಿದ್ದು ಒಬ್ಬನೇ, ಹನ್ನೆರಡು ಸಲ ಮಾತಾಡಿದ್ದ.

"ಆ ಸ್ಟೆಪ್ಪೇ ಬಿಟ್ಬಿಡೋಣ, ಯಾರು ಕೇಳ್ತಾರೆ?" ಅಂದ ಕಂಪ್ಲಿಯವನು. ಜಗಳ ಎರಡು ಗಂಟೆವರೆಗೂ ನಡೀತು. ಕೊನೆಗೆ ಸಂಡೂರಿನವನು ಅಂದ: "ಅದೇ ಕರಡಿ ಕಣ್ರೋ." ಸ್ಲೈಡ್ ತೆಗೆದ್ವಿ.

ಸಿಟ್ಟಿನಲ್ಲಿ ಡುಪ್ಲಿಕೇಟ್‌ಗಳನ್ನೆಲ್ಲ ಡಿಲೀಟ್ ಮಾಡೋಕೆ ಹೊರಟಿದ್ವಿ, ಪುಣ್ಯಕ್ಕೆ ಮಾಡ್ಲಿಲ್ಲ. ಚಿಕ್ಕ ಜೀನೋಮನ್ನ ತುಂಬಾ ಸಲ ಓದಿದಾಗ ಎರಡು ಬೇರೆ ತುಣುಕೂ ಆಕಸ್ಮಿಕವಾಗಿ ಒಂದೇ ಕಡೆ ಶುರುವಾಗಿ ಒಂದೇ ಕಡೆ ಮುಗೀಬಹುದು. ಬಂಡೆ ಹಿಂದಿಂದ ಬಂದಿದ್ದು ನಿಜವಾಗ್ಲೂ ಇನ್ನೊಂದು ಕರಡಿನೇ ಇರಬಹುದಲ್ಲ! ಗುರುತು ಹಾಕಿ ಫೈಲಲ್ಲೇ ಬಿಟ್ರೆ ಮತ್ತೆ ನೋಡಬಹುದು.

ಮನೆಗೆ ಮತ್ತೆ ಫೋನ್ ಮಾಡಿದ್ವಿ. "ಹೋಗ್ಲಿ ಬಿಡು, ಊಟ ಆಯ್ತಾ?" ಅಂದ್ರು ಅಮ್ಮ.