ಹದಿನಾರು ಮನೆಯಲ್ಲಿ ಹಿಡಿಯದ ಊರು

ಡಿಪ್ಲೊಮಾ ಮುಗಿಸಿ ಎರಡು ವರ್ಷಕ್ಕೆ ಬೆಂಗಳೂರಿನ ಒಂದು ಇಂಗ್ಲಿಷ್ ಪತ್ರಿಕೆಗೆ ಟೆಸ್ಟ್ ಬರೆಯಲು ಹೋಗಿದ್ದೆ. ಈ ವಿಷಯ ನಮ್ಮ ಬ್ಯಾಚಿನಲ್ಲಿ ಒಂದಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಬಿತ್ತನೆ ಬೀಜ ವಿತರಣೆಯ ಬಗ್ಗೆ ತನಿಖೆ ಅಂತ ಒಂದು ಸುದ್ದಿ ಕೊಟ್ಟು, ಎರಡು ಸಾಲಿನ ಹೆಡ್‌ಲೈನ್ ಕೊಡಿ ಎಂದರು. ಸಾಲಿಗೆ 16 ಅಕ್ಷರ, ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ.

ನಮ್ಮ ಕಡೆ ಸುದ್ದಿ ಸಿಕ್ಕಿತು ಅಂತ ಮೊದಲು ಖುಷಿಯಾಯಿತು. ಆಮೇಲೆ ಎಣಿಸಿದೆ. ಹಗರಿಬೊಮ್ಮನಹಳ್ಳಿ ಇಂಗ್ಲಿಷಿನಲ್ಲಿ 18 ಅಕ್ಷರ. ಊರೊಂದೇ ಸಾಲು ದಾಟಿ ಹೊರಗೆ ಬರುತ್ತಿತ್ತು. ಬಸ್ಸಿನ ಬೋರ್ಡಿನಂತೆ ಎಚ್.ಬಿ.ಹಳ್ಳಿ ಎಂದು ಬರೆಯಬಹುದೋ ಬಾರದೋ ಎಂಬ ಅನುಮಾನ. ಕೇಳಲು ನಾಚಿಕೆ. ತನಿಖೆಗೆ ನನಗೆ ಗೊತ್ತಿದ್ದದ್ದು 'ಇನ್ವೆಸ್ಟಿಗೇಶನ್' ಒಂದೇ, ಅದು 13 ಅಕ್ಷರ. ಪಕ್ಕದ ಹುಡುಗ 'ಪ್ರೋಬ್' ಅಂತ ಬರೆದು ಐದಕ್ಷರದಲ್ಲಿ ಮುಗಿಸಿ ಎದ್ದು ಹೋದ. ಇಂಗ್ಲಿಷ್ ಡೆಸ್ಕಿನವರು ಬಂಧನಕ್ಕೆ 'ನ್ಯಾಬ್', ಏರಿಕೆಗೆ 'ಹೈಕ್', ಸಂಬಂಧಿಕರಿಗೆ 'ಕಿನ್' ಅಂತ ಬರೆಯುವುದು ಭಾಷೆಯ ಚಂದಕ್ಕಲ್ಲ, ಕಾಲಂ ಅಗಲಕ್ಕೆ ಎಂದು ನನಗೆ ತಿಳಿದದ್ದು ಆ ದಿನ. ಊರಿನ ಹೆಸರು ಯಾಕೆ ಬೇಕು, ಡೇಟ್‌ಲೈನಿನಲ್ಲಿ ಇರುತ್ತಲ್ಲ ಎಂದರು ಟೆಸ್ಟ್ ತೆಗೆದುಕೊಂಡವರು. ಅವರು ಹೇಳಿದ್ದು ಸರಿಯೇ. ಆದರೆ ನಮ್ಮ ಜನ ಪೇಪರ್ ಬಿಡಿಸಿದರೆ ಮೊದಲು ಹುಡುಕುವುದು ತಮ್ಮ ಊರಿನ ಹೆಸರನ್ನು.

ಕೆಲಸ ಸಿಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಬೆರಳು ಮಡಚಿ ಎಣಿಸುತ್ತಾ ಬಂದೆ. ಕನ್ನಡದಲ್ಲಿ ಹಗರಿಬೊಮ್ಮನಹಳ್ಳಿ ಬರೀ ಎಂಟು. ಒತ್ತಕ್ಷರ ಬೇರೆ ಮನೆ ಕೇಳುವುದಿಲ್ಲ, ತಾಯಕ್ಷರದ ಮನೆಯಲ್ಲೇ ಇರುತ್ತದೆ. ಹರಪನಹಳ್ಳಿ ಆರು, ಇಂಗ್ಲಿಷಿನಲ್ಲಿ 13. ಕೂಡ್ಲಿಗಿ, ಕೊಟ್ಟೂರು ಎರಡೂ ಮೂರು ಮೂರು, ಅಲ್ಲಿ ಏಳೇಳು. ಹೂವಿನಹಡಗಲಿ ಇಲ್ಲಿ ಏಳು, ಅಲ್ಲಿ ಹೂವಿಗೆ ಎರಡು 'ಒ' ಹಾಕಿದರೆ 15, ಒಂದು 'ಯು' ಹಾಕಿದರೆ 14.

ಆಮೇಲೆ ಇಂಗ್ಲಿಷ್ ಪದಗಳ ಸಹವಾಸವೇ ಬೇಡ ಅಂದುಕೊಂಡಿದ್ದೆ. ಮಗಳು ಬಿಡಲಿಲ್ಲ.

ಅವಳಿಗೆ ಐದಕ್ಷರದ ಪದ ಹುಡುಕುವ ಆಟದ ಹುಚ್ಚು. ಜಾಶ್ ವಾರ್ಡಲ್ ಎಂಬ ಎಂಜಿನಿಯರ್ ತನ್ನ ಸಂಗಾತಿಗಾಗಿ ಮಾಡಿದ 'ವರ್ಡಲ್' ಸಾರ್ವಜನಿಕರ ಕೈಗೆ ಬಂದದ್ದು 2021ರ ಅಕ್ಟೋಬರಿನಲ್ಲಿ. ಹೊಸಪೇಟೆಯಲ್ಲಿ ನಮ್ಮ ವಿಜಯನಗರ ಜಿಲ್ಲೆ ಉದ್ಘಾಟನೆ ಆದದ್ದೂ ಅದೇ ತಿಂಗಳು. ಮರು ಜನವರಿಯಲ್ಲೇ ಅದನ್ನು ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಮಗಳು ಆಡುವುದು ಅದರ ಯಾವುದೋ ನಕಲು. ಆರು ಚಾನ್ಸ್. ಅಕ್ಷರ ಸರಿ, ಜಾಗವೂ ಸರಿ ಇದ್ದರೆ ಹಸಿರು. ಅಕ್ಷರ ಇದೆ, ಜಾಗ ಬೇರೆ ಎಂದರೆ ಹಳದಿ. ಇಲ್ಲವೇ ಇಲ್ಲ ಎಂದರೆ ಬೂದಿ ಬಣ್ಣ.

ಒಂದು ಸಂಜೆ ಕೊಟ್ಟೂರಿನ ಮನೆಯ ಕಟ್ಟೆ ಮೇಲೆ ಅವಳು 'ಹ್ಯಾಪಿ' ಎಂದು ಹಾಕಿದಳು. 'ಎ' ಹಳದಿ, ಒಂದು 'ಪಿ' ಹಳದಿ, ಉಳಿದದ್ದು ಬೂದಿ. "ಅಪ್ಪಾ, ಹೇಳು" ಎಂದಳು. ಅಕ್ಷರ ಮಾರಿ ಹೊಟ್ಟೆ ಹೊರೆಯುವ ನಾನು ಮೊಬೈಲ್‌ನಲ್ಲಿ ಮುಖ ಹುದುಗಿಸಿದೆ.

ಪಕ್ಕದಲ್ಲಿದ್ದ ನಮ್ಮಪ್ಪ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾದವರು. ಆಮೇಲೆ ಹರಪನಹಳ್ಳಿಯ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು. ಡಿಟಿಪಿ ಬಂದು ಕೆಲಸ ಹೋಗುವವರೆಗೂ ಕನ್ನಡ, ಇಂಗ್ಲಿಷ್ ಎರಡೂ ಲಗ್ನಪತ್ರಿಕೆ ಅವರ ಕೈಯಲ್ಲೇ ಆಗುತ್ತಿದ್ದವು.

"ಮೊದ್ಲು ಇ ಹಾಕವ್ವ. ಇಂಗ್ಲೀಷ್ ಕೇಸಿನಾಗ ಎಲ್ಲಾಕ್ಕಿಂತ ದೊಡ್ಡ ಮನಿ ಅದರದು. ಮೊದ್ಲು ಖಾಲಿ ಆಗೋದೂ ಅದೇ" ಎಂದರು.

ನಾನು ತಲೆ ಎತ್ತಿದೆ. ಮೋರ್ಸ್ ಸಂಕೇತದಲ್ಲಿ 'ಇ'ಗೆ ಒಂದೇ ಒಂದು ಚುಕ್ಕೆ ಕೊಟ್ಟಿರುವುದು ಇದೇ ಲೆಕ್ಕದ ಮೇಲೆ. ಲೈನೊಟೈಪ್ ಯಂತ್ರದ ಕೀಲಿಮಣೆ ಶುರುವಾಗುವುದೂ ಇ, ಟಿ, ಎ, ಒ, ಐ, ಎನ್ ಎಂದೇ. ಹೆಚ್ಚು ಬಳಕೆಯಾಗುವ ಅಕ್ಷರ ಕೈಗೆ ಹತ್ತಿರ ಇರಬೇಕು. ಇದನ್ನೆಲ್ಲ ನಾನು ಡಿಪ್ಲೊಮಾದಲ್ಲಿ ಓದಿ ಮರೆತಿದ್ದೆ. ಅಪ್ಪನಿಗೆ ಬೆರಳಿನಲ್ಲೇ ಇತ್ತು. ಪದದ ಅರ್ಥ ಗೊತ್ತಿಲ್ಲದಿದ್ದರೂ ಯಾವ ಅಕ್ಷರದ ಪಕ್ಕ ಯಾವುದು ಕೂರುತ್ತದೆ, 'ಕ್ಯೂ' ತೆಗೆದರೆ 'ಯು' ತೆಗೆಯಲೇಬೇಕು ಎಂಬುದೆಲ್ಲ ಗೊತ್ತು. ಇಷ್ಟು ವರ್ಷ ಅವರನ್ನು ನಾನು ಇಂಗ್ಲಿಷ್ ಬಾರದವರು ಎಂದೇ ತಿಳಿದಿದ್ದೆ. ಟೆಸ್ಟಿನ ಸಂಗತಿಯನ್ನೂ ಅದಕ್ಕೇ ಅವರಿಗೆ ಹೇಳಿರಲಿಲ್ಲ.

ಮಗಳು 'ಗ್ರೇಪ್' ಹಾಕಿದಳು. 'ಎ', 'ಇ' ಹಸಿರಾದವು, 'ಪಿ' ಹಳದಿ. ಹಂಗಾದರೆ 'ಪಿ' ಮುಂದಕ್ಕೆ ಬರಬೇಕು ಎಂದುಕೊಂಡು 'ಪ್ಲೇಟ್' ಹಾಕಿದಳು. ನಾಲ್ಕು ಹಸಿರು, 'ಟಿ' ಒಂದು ಬೂದಿ.

"ಪಿ ಎಲ್ ಎ ಸಿ ಇ" ಎಂದರು ಅಪ್ಪ, ತಡವಿಲ್ಲದೆ. ಲಗ್ನಪತ್ರಿಕೆಯಲ್ಲಿ 'ಸ್ಥಳ' ಎಂದು ಅವರು ಎಷ್ಟು ಸಲ ಜೋಡಿಸಿದ್ದರೋ. ಮಗಳು ಹಾಕಿದಳು. 'ಸಿ' ಬೂದಿಯಾಯಿತು.

ಆ ಹೊತ್ತಿಗೆ ನಾನೇ ಬಾಯಿ ಬಿಟ್ಟು ಟೆಸ್ಟಿನ ಕಥೆ ಹೇಳಿದೆ, 18 ಅಕ್ಷರದ ಊರು, 16 ಮನೆ. ಅಪ್ಪ ನಗಲಿಲ್ಲ. "ಹಿಡೀದಿದ್ರ ಸಣ್ಣ ಪಾಯಿಂಟಿನ ಮೊಳಿ ಹಾಕ್ತಾರ. ಊರು ತೆಗೀತಾರೇನು?" ಎಂದರು.

"ಪ್ಲೇನ್!" ಎಂದು ಮಗಳು ಕಿರುಚಿದಳು. ಐದೂ ಹಸಿರು, ಇನ್ನೊಂದು ಚಾನ್ಸ್ ಮಿಕ್ಕಿತ್ತು. ಏನು ಹಂಗಂದ್ರ ಎಂದು ಅಜ್ಜ ಕೇಳಿದ್ದಕ್ಕೆ ವಿಮಾನ ಎಂದಳು.

"ಅದು ನಮ್ ಲಗ್ನಪತ್ರಿಕೆಯಾಗ ಬರ್ತಿದ್ದಿಲ್ಲ ಬಿಡವ್ವ" ಎಂದರು ಅಪ್ಪ.