ಕೊಡಲಾಗದ ಗಳಿಕೆ

ಭಾನುವಾರ ಇಶಾ ನಮಾಜು ಮುಗಿಸಿ ನಾವು ಮನೆಗೆ ಬರುವ ಹೊತ್ತಿಗೆ ಮಗನ ಕೋಣೆಯಲ್ಲಿ ಯುದ್ಧ ನಡೆದಿರುತ್ತದೆ. ಸಾಗರದಲ್ಲಿ ಇವನು, ಹೊಸನಗರದಲ್ಲಿ ನಮ್ಮ ತಂಗಿಯ ಮಗ, ಅಪ್ಪನ ವರ್ಗಾವಣೆಯಿಂದ ತೀರ್ಥಹಳ್ಳಿ ಸೇರಿದ ಹಳೆಯ ಸಹಪಾಠಿ. ಮೂವರೂ ಮೊಬೈಲ್ ಹಿಡಿದು ಒಂದು ಡ್ರ್ಯಾಗನ್ ಮೇಲೆ ಬಿದ್ದಿರುತ್ತಾರೆ. ಆಟದ ಹೆಸರು ಗೆನ್‌ಶಿನ್ ಇಂಪ್ಯಾಕ್ಟ್. ಚೀನಾದ ಮಿಹೊಯೊ ಕಂಪೆನಿ 2020ರ ಸೆಪ್ಟೆಂಬರಿನಲ್ಲಿ ಹೊರತಂದದ್ದು. ಮಳೆ ಜೋರಾಗಿ ಹೊಸನಗರದ ಕಡೆ ಸಿಗ್ನಲ್ ಹೋದರೆ ಡ್ರ್ಯಾಗನ್ ಗೆದ್ದ ಹಾಗೆಯೇ.

ಇಷ್ಟೆಲ್ಲ ಯಾತಕ್ಕೆ ಎಂದು ಕೇಳಿದೆವು. "ಬಾಸ್ ಸೋತರೆ ಸಾಮಾನು ಸಿಗುತ್ತೆ ಅಬ್ಬಾ" ಎಂದ. ಡ್ವಾಲಿನ್ ಎಂಬ ಆ ಡ್ರ್ಯಾಗನ್ ಸೋತಾಗ ಅದರ ಗರಿಯೋ ಉಗುರೋ ನಿಟ್ಟುಸಿರೋ ಸಿಗುತ್ತದಂತೆ. ತಮ್ಮ ಪಾತ್ರಗಳ ವಿದ್ಯೆ ಹೆಚ್ಚಿಸಲು ಅವು ಬೇಕು. ಯಾವುದು ಸಿಗುತ್ತದೆ ಎಂಬುದು ನಸೀಬು. ಇಷ್ಟು ವರ್ಷ ಕತೆ ಬರೆದ ನಮಗೆ ನಿಟ್ಟುಸಿರನ್ನೂ ಹೀಗೆ ಎಣಿಸಿ ಕೂಡಿಡಬಹುದೆಂದು ಹೊಳೆದಿರಲಿಲ್ಲ.

ಲೆಕ್ಕ ಬಲು ಬಿಗಿ. ಇಂಥ ಒಂದು ಬಾಸ್‌ನ ಬಹುಮಾನ ವಾರಕ್ಕೆ ಒಂದೇ ಸಲ. ಅದಕ್ಕೆ ರೆಸಿನ್ ಎಂಬುದನ್ನು ಖರ್ಚು ಮಾಡಬೇಕು. ಅದು 8 ನಿಮಿಷಕ್ಕೆ ಒಂದರಂತೆ ತುಂಬುತ್ತದೆ. ವಾರದ ಮೊದಲ ಮೂರು ಬಾಸ್‌ಗಳಿಗೆ ತಲಾ 30, ಅಂದರೆ ನಾಲ್ಕು ಗಂಟೆಯ ಕಾಯುವಿಕೆ. ಹೊಸ ಪಾತ್ರಕ್ಕಾಗಿ ಚೀಟಿ ಎತ್ತುವ ಏರ್ಪಾಡು ಬೇರೆ ಇದೆ. ಅತಿ ಮೇಲಿನ ದರ್ಜೆಯ ಪಾತ್ರ ಬರುವ ಸಾಧ್ಯತೆ ಸಾವಿರಕ್ಕೆ ಆರು. ಅಲ್ಲಿ ಹಣವನ್ನೂ ಸುರಿಯಬಹುದು. ಅದಕ್ಕೆ ನಮ್ಮಲ್ಲಿ ಒಂದು ರೂಪಾಯಿಯೂ ಇಲ್ಲವೆಂದು ಮೊದಲೇ ಹೇಳಿದ್ದೆವು.

ಕಳೆದ ಮಳೆಗಾಲದಲ್ಲಿ ತಂಗಿಯ ಮಗ, ಪುಕ್ಕಟೆ ಸಾಮಾನು ಕೊಡುತ್ತೇನೆಂದ ಯಾರನ್ನೋ ನಂಬಿ ಪಾಸ್‌ವರ್ಡ್ ಕೊಟ್ಟ. ಬೆಳಗಾಗುವಷ್ಟರಲ್ಲಿ ಎರಡು ವರ್ಷದ ಗಳಿಕೆ ಬೇರೆಯವರ ಪಾಲಾಗಿತ್ತು. "ಆಟ ತಾನೇ, ಹೋಗಲಿ ಬಿಡು" ಎಂದು ಫೋನಿನಲ್ಲಿ ಸಮಾಧಾನ ಹೇಳಿದೆವು. ಆ ಕಡೆಯಿಂದ ಮಾತೇ ಇಲ್ಲ. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವೆಂದು ತಂಗಿ ಹೇಳಿದಾಗ ನಮ್ಮ ಮಾತು ತಪ್ಪಾಯಿತೆಂದು ತಿಳಿಯಿತು.

"ನಿನ್ನ ಹತ್ತಿರ ಅಷ್ಟೊಂದಿದೆಯಲ್ಲ, ಸ್ವಲ್ಪ ಕೊಡು" ಎಂದೆವು ಮಗನಿಗೆ.

"ಕೊಡೋಕಾಗಲ್ಲ ಅಬ್ಬಾ. ಬಾಸ್ ಸಾಮಾನು ಒಬ್ಬರದ್ದು ಇನ್ನೊಬ್ಬರಿಗೆ ಹೋಗಲ್ಲ."

ಉರ್ದು ಶಾಲೆಯ ಅಂಗಳದಲ್ಲಿ ನಾವು ಗೋಲಿ ಆಡುತ್ತಿದ್ದುದು ನೆನಪಾಯಿತು. ಎಲ್ಲವನ್ನೂ ಸೋತವನಿಗೆ ಗೆದ್ದವನು ಮನೆಗೆ ಹೋಗುವ ಮುಂಚೆ ನಾಲ್ಕು ಗೋಲಿ ಮರಳಿಸಬೇಕಿತ್ತು. ಆ ಕಾನೂನು ಯಾರು ಮಾಡಿದ್ದರೋ! ಅದೇನು ಔದಾರ್ಯವಲ್ಲ, ನಾಳೆ ಆಡಲು ಜೊತೆ ಬೇಕಲ್ಲ. ಕೊಡಲು ದಾರಿಯೇ ಇಲ್ಲದ ಗಳಿಕೆಯಿಂದ ಮಗ ಏನು ಕಲಿತಾನು ಎಂಬ ಚಿಂತೆ ಹತ್ತಿತು.

ತಂಗಿಯ ಮಗ ಮೊದಲಿನಿಂದ ಶುರು ಮಾಡಿದ. ಜೊತೆಗೂಡಿ ಆಡಬೇಕಾದರೆ 16ನೆಯ ಹಂತ ಮುಟ್ಟಬೇಕು, ಡ್ವಾಲಿನ್‌ನನ್ನು ಎದುರಿಸಲು ಕತೆಯ ಮೊದಲ ಭಾಗ ಮುಗಿಸಬೇಕು. ಇವರಿಬ್ಬರೂ ಕಾದರು. ಒಂದು ಭಾನುವಾರ ರಾತ್ರಿ ಮತ್ತೆ ಮೂವರ ಗದ್ದಲ ಕೇಳಿಸಿತು.

"ಏನು ಸಿಕ್ಕಿತು?"

"ನಮಗೇನಿಲ್ಲ ಅಬ್ಬಾ. ನಮ್ಮಿಬ್ಬರ ಈ ವಾರದ ಪಾಲು ಆಗಲೇ ತಗೊಂಡಾಗಿದೆ. ಇದು ಅವನಿಗೆ."

ಗರಿ, ಉಗುರು ಸಿಗುವ ಮಟ್ಟಕ್ಕೆ ಅವನು ಬರಲು ಇನ್ನೂ ತಿಂಗಳುಗಳೇ ಬೇಕಂತೆ. ಅಲ್ಲಿಯವರೆಗೂ ವಾರವಾರ ಹೀಗೆ ಹೋಗುತ್ತೀರಾ ಎಂದೆವು.

"ಮತ್ತೆ? ಇಲ್ಲಾಂದ್ರೆ ಯಾರ ಜೊತೆ ಆಡೋದು?"

ಲೈಟು ಆರಿಸಿ ಮಲಗು ಎನ್ನಲು ಹೋದವರು ಬಾಗಿಲು ಮುಂದೆಳೆದು ಬಂದೆವು.