ಗೆರೆ ಮಸುಕಾದರೆ ಏನರ್ಥ?

ಗರ್ಭ ಪರೀಕ್ಷೆಯ ಕಿಟ್ಟಿನಲ್ಲಿ ಎರಡನೇ ಗೆರೆ ಎಷ್ಟು ಮಸುಕಾಗಿ ಬಂದರೂ ಸಿಹಿ ಹಂಚುತ್ತಾರೆ. ಡ್ರಗ್ಸ್ ಪರೀಕ್ಷೆಯ ಕಿಟ್ಟಿನ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಗೆರೆ ಬಂದರೆ ನೆಗೆಟಿವ್, ಬಾರದಿದ್ದರೆ ಪಾಸಿಟಿವ್. ಈ ವ್ಯತ್ಯಾಸ ಗೊತ್ತಿಲ್ಲದೆ ನಮ್ಮ ಉಪ್ಪಳದ ಒಂದು ಮನೆಯಲ್ಲಿ ಮೂರು ದಿನ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ.

ಎಂಡಿಎಂಎ, ಗಾಂಜಾ ಸುದ್ದಿ ಓದಿ ಓದಿ ಹೆದರಿದ್ದ ನೆರೆಮನೆಯ ಮಾಮಿ, ಮೆಡಿಕಲ್‌ನಿಂದ ಕಿಟ್ ತರಿಸಿ ಪ್ಲಸ್ ಟು ಓದುವ ಮಗನ ಮೂತ್ರ ಪರೀಕ್ಷೆ ಮಾಡಿದ್ದರು. ಗಾಂಜಾದ ಸಾಲಿನಲ್ಲಿ ಗೆರೆ ತೆಳ್ಳಗೆ ಬಂದಿತ್ತು. "ಮೋನೆ, ಸ್ವಲ್ಪ ಸೇದಿದ್ದಾನೆ ಅಂತಲ್ವಾ ಇದು?" ಎಂದು ನನ್ನಲ್ಲಿ ಕೇಳಿದರು. ಹುಡುಗನ ಮೊಬೈಲ್ ಆಗಲೇ ಕಪಾಟು ಸೇರಿತ್ತು, ಟ್ಯೂಷನ್ ಬಂದ್ ಆಗಿತ್ತು.

ಕಿಟ್ಟಿನ ಪಟ್ಟಿಯಲ್ಲಿ ಬಣ್ಣ ಹಚ್ಚಿದ ಪ್ರತಿಕಾಯಗಳಿರುತ್ತವೆ, ಗೆರೆ ಮೂಡುವ ಜಾಗದಲ್ಲಿ ಡ್ರಗ್ಸಿನ ಅಣು ಅಂಟಿಸಿರುತ್ತಾರೆ. ಮೂತ್ರದಲ್ಲಿ ಡ್ರಗ್ಸ್ ಇಲ್ಲದಿದ್ದರೆ ಪ್ರತಿಕಾಯಗಳು ಹೋಗಿ ಆ ಗೆರೆಗೆ ಹಿಡಿಯುತ್ತವೆ, ಬಣ್ಣ ಕಾಣುತ್ತದೆ. ಇದ್ದರೆ ದಾರಿಯಲ್ಲೇ ಅದಕ್ಕೆ ಅಂಟಿಕೊಂಡು ಬಿಡುತ್ತವೆ, ಗೆರೆ ಖಾಲಿ. ಮಸುಕು ಗೆರೆಯೂ ಗೆರೆಯೇ. ಕಿಟ್ಟಿನ ಕಾಗದದಲ್ಲೂ ಹಾಗೆಂದೇ ಬರೆದಿರುತ್ತದೆ, ಆದರೆ ಅಷ್ಟು ಸಣ್ಣ ಅಕ್ಷರದ ಇಂಗ್ಲಿಷನ್ನು ಯಾವ ಉಮ್ಮ ಓದುತ್ತಾರೆ?

ಡಿಪ್ಲೊಮಾದಲ್ಲಿ ನಮಗೆ 'ಗೋ, ನೋ-ಗೋ' ಗೇಜ್ ಕೊಡುತ್ತಿದ್ದರು. ಶಾಫ್ಟ್ ಅದರೊಳಗೆ ಹೋಯಿತೋ ಇಲ್ಲವೋ, ಅಷ್ಟೇ ಗೊತ್ತಾಗುತ್ತದೆ. ಎಷ್ಟು ದಪ್ಪ ಎಂದು ಗೇಜ್ ಹೇಳುವುದಿಲ್ಲ. ಈ ಕಿಟ್ ಕೂಡ ಹಾಗೆಯೇ, ಒಂದು ಮಿತಿ ದಾಟಿತೇ ಇಲ್ಲವೇ ಎಂದು ಮಾತ್ರ ಹೇಳುತ್ತದೆ. ಗಾಂಜಾಕ್ಕೆ ಸಾಮಾನ್ಯವಾಗಿ ಆ ಮಿತಿ ಒಂದು ಮಿಲಿಲೀಟರ್‌ಗೆ 50 ನ್ಯಾನೋಗ್ರಾಂ. ಮನೆ ತಾರಸಿಯ ಸಾವಿರ ಲೀಟರಿನ ಟ್ಯಾಂಕ್ 20 ಇಟ್ಟು, ಎಲ್ಲದರಲ್ಲೂ ಸೇರಿ ಒಂದೇ ಗ್ರಾಂ ಕರಗಿಸಿದರೆ ಎಷ್ಟೋ ಅಷ್ಟು. 49 ಇದ್ದರೆ ನೆಗೆಟಿವ್, 51 ಇದ್ದರೆ ಪಾಸಿಟಿವ್. ನೆಗೆಟಿವ್ ಅಂದರೆ ಸೊನ್ನೆ ಎಂದಲ್ಲ.

ಇದನ್ನೂ ಮಾಮಿಗೆ ಹೇಳಿದೆ, ಅವರಿಗೆ ಇಷ್ಟವಾಗಲಿಲ್ಲ. ಎಂಡಿಎಂಎ ಮೂತ್ರದಲ್ಲಿ ಸಿಗುವುದು ಹೆಚ್ಚೆಂದರೆ ಎರಡು ಮೂರು ದಿನ. ದಿನಾ ಗಾಂಜಾ ಸೇದುವವನಲ್ಲಿ ವಾರಗಟ್ಟಲೆ ಸಿಗಬಹುದು. ಮಗನ ಜೊತೆ ಕೂತು ಮಾತಾಡುವ ಕೆಲಸವನ್ನು ಪಟ್ಟಿ ಮಾಡಿಕೊಡುವುದಿಲ್ಲ.

ಕಿಟ್ಟಿನಲ್ಲಿ ಗೆರೆ ಬಾರದಿದ್ದರೂ ಅದು ಕೊನೆಯ ಮಾತಲ್ಲ. ಕೆಲವು ಶೀತದ ಮಾತ್ರೆಗಳಿಗೂ ಆಂಫೆಟಮೈನ್ ಗೆರೆ ಮೋಸ ಹೋಗುತ್ತದೆ. ಹಾಗಾಗಿ ಲ್ಯಾಬಿನಲ್ಲಿ ಜಿಸಿ-ಎಂಎಸ್ ಯಂತ್ರದಿಂದ ಖಚಿತ ಪರೀಕ್ಷೆ ಮಾಡಬೇಕು. ಅಮೆರಿಕದ ಸರ್ಕಾರಿ ನಿಯಮದಲ್ಲಿ ಗಾಂಜಾಕ್ಕೆ ಅಲ್ಲಿನ ಮಿತಿ 15. ಮೊದಲನೆಯದು ಒಂದೇ ಬಗೆಯ ಹಲವು ಅಣುಗಳನ್ನು ಒಟ್ಟಿಗೆ ಹಿಡಿಯುತ್ತದೆ, ಎರಡನೆಯದು ಒಂದನ್ನೇ ಅಳೆಯುತ್ತದೆ. ಅದಕ್ಕೇ ಸಂಖ್ಯೆ ಕಡಿಮೆ.

ನನ್ನ ಜೊತೆ ಓದಿದ ಒಬ್ಬನಿಗೆ ಆಫ್‌ಶೋರ್ ಕೆಲಸ ಕೈಗೆ ಬಂದು ತಪ್ಪಿದ್ದು ಇಲ್ಲೇ. ಕೆಮ್ಮಿಗೆ ಡಾಕ್ಟರ್ ಬರೆದ ಕೊಡೀನ್ ಸಿರಪ್ ಕುಡಿದಿದ್ದ. ಕೊಡೀನ್ ಸ್ವಲ್ಪ ಭಾಗ ದೇಹದೊಳಗೆ ಮಾರ್ಫಿನ್ ಆಗುತ್ತದೆ. ಮೊದಲ ಪರೀಕ್ಷೆ ಪಾಸಿಟಿವ್ ಬಂತು. ಎರಡನೆಯದನ್ನು ಏಜೆನ್ಸಿಯವರು ಮಾಡಿಸಲೇ ಇಲ್ಲ, ಚೀಟಿಯನ್ನೂ ನೋಡಲಿಲ್ಲ. ಊರಲ್ಲಿ ಮಾತ್ರ "ಅವನು ಮೆಡಿಕಲ್‌ನಲ್ಲಿ ಬಿದ್ದ" ಎಂಬ ಮಾತು ಉಳಿಯಿತು. ಮದುವೆ ಮಾತುಕತೆಯಲ್ಲೂ ಅದು ಬಂತು.

ಮಿತಿ ಅನ್ನುವುದು ಮನುಷ್ಯರು ಕೂತು ಇಟ್ಟದ್ದು, ಬದಲಾಗುತ್ತದೆ. ಅದೇ ಅಮೆರಿಕದ ನಿಯಮದಲ್ಲಿ ಅಫೀಮು ಜಾತಿಯ ಡ್ರಗ್ಸಿಗೆ ಮೊದಲು 300 ಇತ್ತು. ಗಸಗಸೆ ಹಾಕಿದ ಬನ್ನು ತಿಂದವರೂ ಪಾಸಿಟಿವ್ ಬರತೊಡಗಿದ ಮೇಲೆ 1998ರಲ್ಲಿ ಅದನ್ನು 2000ಕ್ಕೆ ಏರಿಸಿದರು. ಗಸಗಸೆ ಬರುವುದು ಅಫೀಮು ಗಿಡದಿಂದಲೇ, ಬೀಜದ ಸಿಪ್ಪೆಗೆ ಅದರ ಹಾಲು ಸ್ವಲ್ಪ ಅಂಟಿಕೊಂಡಿರುತ್ತದೆ. 2023ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ತನ್ನ ಸೈನಿಕರಿಗೆ ಗಸಗಸೆ ತಿನ್ನಬೇಡಿ ಎಂದೇ ಹೇಳಿತು.

ನಮಗೆ ಹತ್ತಿರದ ವಿಷಯ ಬೇರೆ ಇದೆ. ಯುಎಇ, ಸೌದಿಯಲ್ಲಿ ಗಸಗಸೆ ಒಯ್ಯುವುದಕ್ಕೇ ನಿಷೇಧ. ಅಲ್ಲಿ ನ್ಯಾನೋಗ್ರಾಂ ಲೆಕ್ಕ ಯಾರೂ ಕೇಳುವುದಿಲ್ಲ, ಪೊಟ್ಟಣ ಸಿಕ್ಕಿದರೆ ಸಾಕು. ಬಾಪ ಈಗ ಅಂಗಡಿಯಲ್ಲಿ ಗಲ್ಫ್‌ಗೆ ಸಾಮಾನು ಕಟ್ಟಿಸುವವರ ಚೀಟಿಯನ್ನು ಮೊದಲು ಓದುತ್ತಾರೆ. ಮಸಾಲೆಯ ನಡುವೆ ಗಸಗಸೆ ಕಂಡರೆ ಪೆನ್ನಿನಲ್ಲಿ ಅಡ್ಡ ಗೆರೆ ಎಳೆದು, "ಇದು ಇಲ್ಲಿಯೇ ಇರಲಿ, ಪಾಯಸ ಊರಿಗೆ ಬಂದಾಗ ಮಾಡಿ" ಅನ್ನುತ್ತಾರೆ.